ಮಣ್ಣಿನ ಮನುಷ್ಯನಿಗೆ ಗುಂಡು ಹೊಡೆದವರು

2018ರ ಆರಂಭದಲ್ಲಿ ಹೊರಬಂದ 'ಡಿಟೆಕ್ಟಿವ್ ಕಾಮಿಕ್ಸ್'ನ 973ನೇ ಸಂಚಿಕೆಯಲ್ಲಿ ಬ್ಯಾಟ್‌ವುಮನ್ ತನ್ನದೇ ತಂಡದ ಒಬ್ಬನಿಗೆ ಗುಂಡು ಹೊಡೆಯುತ್ತಾಳೆ. ಅವನ ಹೆಸರು ಬೇಸಿಲ್ ಕಾರ್ಲೋ. ಬ್ಯಾಟ್‌ಮ್ಯಾನ್ ಕತೆಗಳನ್ನು ಓದಿದವರಿಗೆ ಅವನು ಕ್ಲೇಫೇಸ್ ಎಂದೇ ಪರಿಚಯ. ಮೈಯೆಲ್ಲ ಮಣ್ಣು, ಬೇಕಾದ ರೂಪ ತಾಳಬಲ್ಲ, ದಶಕಗಳ ಕಾಲ ಗಾಥಮ್ ನಗರವನ್ನು ಕಾಡಿದ ಖಳ. ಆದರೆ ಗುಂಡು ಬಿದ್ದಾಗ ಅವನು ಖಳನಾಗಿರಲಿಲ್ಲ. ಒಂದೂವರೆ ವರ್ಷದಿಂದ ಆ ತಂಡದಲ್ಲಿದ್ದುಕೊಂಡು ಒಳ್ಳೆಯವನಾಗಲು ಹೆಣಗುತ್ತಿದ್ದ. ವೈರಿಗಳ ಸಂಚಿನಿಂದ ಹಳೆಯ ಹುಚ್ಚು ಮರಳಿತು, ಮೈಮೇಲಿನ ಹಿಡಿತ ತಪ್ಪಿತು, ದೈತ್ಯಾಕಾರವಾಗಿ ಬೆಳೆದು ನಗರದ ಮೇಲೆ ಎರಗಿದ. ಬ್ಯಾಟ್‌ವುಮನ್ ಬೇರೆ ದಾರಿ ಕಾಣದೆ ಬಂದೂಕು ಎತ್ತಿದಳು.

ಆ ಸಂಚಿಕೆಯನ್ನು ಮೆಚ್ಚಿ ಮಾತಾಡಿದವರು ಬಹಳ. "ದುರಂತ ಅಂದರೆ ಇದು" ಎಂದರು. "ಬದಲಾಗಲು ಹೊರಟವನ ಕತೆ ಹೀಗೇ ಮುಗಿಯಬೇಕು, ಇಲ್ಲದಿದ್ದರೆ ಸಪ್ಪೆ" ಎಂದರು. ನನಗೆ ಇದು ಒಪ್ಪಿಗೆಯಿಲ್ಲ. ದುರಂತ ಎಂಬ ದೊಡ್ಡ ಮಾತನ್ನು ಇಲ್ಲಿ ಒಂದು ಸಣ್ಣ ಹೇಡಿತನಕ್ಕೆ ಹೊದಿಕೆಯಾಗಿ ಬಳಸಲಾಗಿದೆ. ಗುಂಡು ಹೊಡೆದದ್ದು ಬ್ಯಾಟ್‌ವುಮನ್ ನಿಜ. ಆ ಬಂದೂಕನ್ನು ಅವಳ ಕೈಗೆ ಕೊಟ್ಟದ್ದು ಮಾತ್ರ ಕೆಟ್ಟವನು ಕೆಟ್ಟವನಾಗಿಯೇ ಉಳಿಯಲಿ ಎಂದು ಬಯಸುವ ಒಂದು ಉದ್ಯಮ, ಮತ್ತು ಅದರ ಜೊತೆ ತಲೆಯಾಡಿಸುವ ಓದುಗರಾದ ನಾವು.

ಕಾರ್ಲೋ ಹುಟ್ಟಿದ್ದು 1940ರಲ್ಲಿ, ಅದೇ ಪತ್ರಿಕೆಯ 40ನೇ ಸಂಚಿಕೆಯಲ್ಲಿ. ಬಿಲ್ ಫಿಂಗರ್ ಮತ್ತು ಬಾಬ್ ಕೇನ್ ಸೃಷ್ಟಿ. ಹೆಸರಿನ ಹಿಂದೆ ಬೋರಿಸ್ ಕಾರ್ಲಾಫ್ ಇದ್ದಾನೆ, 1931ರ 'ಫ್ರಾಂಕೆನ್‌ಸ್ಟೈನ್' ಸಿನಿಮಾದಲ್ಲಿ ಆ ಹೊಲಿದ ಮುಖದ ಜೀವಿಯಾಗಿ ಜಗತ್ತಿಗೆಲ್ಲ ಗೊತ್ತಾದ ನಟ. (ಕಾರ್ಲಾಫನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಅವನ ಹಿರಿಯರಲ್ಲಿ ಭಾರತದ ರಕ್ತವೂ ಇತ್ತು. ಹೆಸರು ಬದಲಿಸಿ, ಮುಖಕ್ಕೆ ಬಣ್ಣ ಬಳಿದು ಬದುಕಿದವನ ನೆರಳಲ್ಲಿ ಈ ಪಾತ್ರ ಹುಟ್ಟಿತೆಂಬುದು ಸಣ್ಣ ಸಂಗತಿಯಲ್ಲ.) ಮೊದಲ ಕ್ಲೇಫೇಸ್‌ಗೆ ಯಾವ ಮಾಯಾಶಕ್ತಿಯೂ ಇರಲಿಲ್ಲ. ಅವನೊಬ್ಬ ಹಳೆಯ ಭಯಾನಕ ಚಿತ್ರಗಳ ನಟ. ತಾನು ಹೆಸರು ಮಾಡಿದ ಚಿತ್ರವನ್ನು ಮತ್ತೆ ತೆಗೆಯುತ್ತಿದ್ದಾರೆ, ತನ್ನ ಪಾತ್ರ ಬೇರೊಬ್ಬನಿಗೆ ಹೋಗಿದೆ ಎಂದು ತಿಳಿದು ತಲೆಕೆಟ್ಟು, ಮಣ್ಣಿನ ಮುಖವಾಡ ಹಾಕಿಕೊಂಡು ಕೊಲೆಗಿಳಿಯುತ್ತಾನೆ. ಬಣ್ಣ ಹಚ್ಚುವುದನ್ನೇ ಬದುಕು ಮಾಡಿಕೊಂಡವನ ಕೈಯಿಂದ ಬಣ್ಣ ಕಿತ್ತುಕೊಂಡರೆ ಏನಾಗುತ್ತದೆ ಎಂಬುದು ಮೂಲ ಕತೆಯಲ್ಲೇ ಇದೆ. ಅಂದರೆ ಕನಿಕರಕ್ಕೆ ಎಡೆ ಮೊದಲ ದಿನದಿಂದಲೇ ಇತ್ತು. ಅದನ್ನು ಮುಚ್ಚಿದ್ದು ಆಮೇಲೆ.

ಹೇಗೆ ಮುಚ್ಚಿದರೆಂದು ಹೇಳಬೇಕು, ಯಾಕೆಂದರೆ ನನ್ನ ಜಗಳ ಇರುವುದು ಅಲ್ಲೇ. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಸರ್ಕಾರ ಮತ್ತು ಹೆತ್ತವರ ಸಿಟ್ಟಿಗೆ ಹೆದರಿ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡರು. ಕಾಮಿಕ್ಸ್ ಕೋಡ್ ಎಂದು ಅದರ ಹೆಸರು. ಅದರಲ್ಲಿದ್ದ ಮೊದಮೊದಲ ನಿಯಮಗಳಲ್ಲೇ ಒಂದು: ಅಪರಾಧಿಯ ಬಗ್ಗೆ ಸಹಾನುಭೂತಿ ಹುಟ್ಟುವಂತೆ ಅಪರಾಧವನ್ನು ಚಿತ್ರಿಸಕೂಡದು. ಇನ್ನೊಂದು: ಒಳ್ಳೆಯದು ಪ್ರತಿ ಸಲವೂ ಗೆಲ್ಲಬೇಕು, ಅಪರಾಧಿಗೆ ಶಿಕ್ಷೆಯಾಗಬೇಕು. 1961ರಲ್ಲಿ ಎರಡನೇ ಕ್ಲೇಫೇಸ್ ಮ್ಯಾಟ್ ಹೇಗನ್ ಬರುವುದು ಈ ನಿಯಮದ ಅಡಿಯಲ್ಲಿ. ಗುಹೆಯೊಂದರ ವಿಚಿತ್ರ ಕೊಳದಲ್ಲಿ ಮುಳುಗಿ ರೂಪ ಬದಲಿಸುವ ಶಕ್ತಿ ಪಡೆದವನು ಇವನು. ಶಕ್ತಿ ಬಂತು, ಸಂಕಟ ಹೋಯಿತು. ಹೇಗನ್ ಕದಿಯುತ್ತಾನೆ, ಯಾವ್ಯಾವುದೋ ರೂಪ ತಾಳಿ ಬ್ಯಾಟ್‌ಮ್ಯಾನ್ ಜೊತೆ ಹೊಡೆದಾಡುತ್ತಾನೆ, ಸಿಕ್ಕಿಬೀಳುತ್ತಾನೆ. ಅವನಿಗೆ ಯಾಕೆ ನೋವಾಯಿತು ಎಂದು ಯಾರೂ ಕೇಳುವಂತಿರಲಿಲ್ಲ.

1971ರಲ್ಲಿ ಆ ನಿಯಮಾವಳಿಯನ್ನು ಸಡಿಲಿಸಿದರು. ಅಪರಾಧಿಯ ಬಗ್ಗೆ ಒಂದಿಷ್ಟು ಕರುಣೆಗೆ ಅವಕಾಶ ಸಿಕ್ಕಿತು. 1978ರಲ್ಲಿ ಲೆನ್ ವೀನ್ ಮತ್ತು ಮಾರ್ಷಲ್ ರಾಜರ್ಸ್ ಮೂರನೇ ಕ್ಲೇಫೇಸ್ ಪ್ರೆಸ್ಟನ್ ಪೇನ್‌ನನ್ನು ತಂದರು. ಮುಟ್ಟಿದವರನ್ನು ಕರಗಿಸಿಬಿಡುವ ಮೈ ಅವನದು. ಮನುಷ್ಯರನ್ನು ಮುಟ್ಟಲಾಗದೆ ಮೇಣದ ಬೊಂಬೆಯೊಂದನ್ನು ಪ್ರೀತಿಸುತ್ತಾನೆ. 1987ರಲ್ಲಿ ಅಲನ್ ಮೂರ್ ಇದೇ ಬೊಂಬೆಪ್ರೇಮವನ್ನು ಎತ್ತಿಕೊಂಡು ಒಂದು ಕತೆ ಬರೆದ. ನಗು ಬರುತ್ತದೆ, ನಕ್ಕಮೇಲೆ ನಾಚಿಕೆಯಾಗುತ್ತದೆ. 1989ರಲ್ಲಿ ಹಳೆಯ ಕಾರ್ಲೋಗೂ ರೂಪ ಬದಲಿಸುವ ಶಕ್ತಿ ಬಂತು. 1992ರ ಟಿವಿ ಸರಣಿಯ 'ಫೀಟ್ ಆಫ್ ಕ್ಲೇ'ಯಲ್ಲಿ ಹೇಗನ್ ಒಬ್ಬ ನಟನಾದ: ಅಪಘಾತದಲ್ಲಿ ಮುಖ ಕಳೆದುಕೊಂಡವನು, ಮುಖ ಮರಳಿ ಕೊಡುವ ಒಂದು ಕ್ರೀಮಿಗೆ ದಾಸನಾದವನು. ಕೊನೆಗೆ ಬ್ಯಾಟ್‌ಮ್ಯಾನ್ ಅವನ ಸುತ್ತ ಪರದೆಗಳಲ್ಲಿ ಅವನ ಹಳೆಯ ಪಾತ್ರಗಳನ್ನೆಲ್ಲ ಒಟ್ಟಿಗೆ ತೋರಿಸುತ್ತಾನೆ. ಹೇಗನ್ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಾ ತನ್ನ ಮೈಯ ಮೇಲಿನ ಹಿಡಿತ ಕಳೆದುಕೊಳ್ಳುತ್ತಾನೆ. ಮಕ್ಕಳ ಕಾರ್ಟೂನಿನಲ್ಲಿ ಅಂಥ ಕ್ರೌರ್ಯವನ್ನು ನಾನು ಬೇರೆಡೆ ಕಂಡಿಲ್ಲ. ಅಸ್ತ್ರವಾಗಿ ಬಳಕೆಯಾದದ್ದು ಅವನು ಒಂದು ಕಾಲದಲ್ಲಿ ಮನುಷ್ಯನಾಗಿದ್ದ ಎಂಬ ನೆನಪು.

ಕೋಡ್ ಈಗಿಲ್ಲ. ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿ ಕಂಪನಿ 2011ರಲ್ಲಿ ಅದನ್ನು ಬಿಟ್ಟಿತು. ಆದರೆ ಮನೆ ಬಿಟ್ಟು ಹೋದ ಯಜಮಾನನ ಹುಕುಂ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಖಳನ ಬಗ್ಗೆ ಕರುಣೆ ತೋರಿಸಬಹುದು, ಅಳಿಸಬಹುದು, ಅವನ ಬಾಲ್ಯವನ್ನು ತೋರಿಸಬಹುದು. ಅವನು ಬದಲಾಗಿ ಬದುಕುವುದನ್ನು ಮಾತ್ರ ತೋರಿಸಕೂಡದು.

ಈಗ 2016ಕ್ಕೆ ಬರೋಣ. ಜೇಮ್ಸ್ ಟೈನಿಯನ್ ಬರೆಯಲು ತೊಡಗಿದ 934ನೇ ಸಂಚಿಕೆಯಿಂದ ಬ್ಯಾಟ್‌ಮ್ಯಾನ್ ಒಂದು ತಂಡ ಕಟ್ಟುತ್ತಾನೆ. ಬ್ಯಾಟ್‌ವುಮನ್, ಟಿಮ್ ಡ್ರೇಕ್, ಸ್ಟೆಫನಿ ಬ್ರೌನ್, ಕಸಾಂಡ್ರಾ ಕೇನ್, ಜೊತೆಗೆ ಕ್ಲೇಫೇಸ್. ಸಿನಿಮಾ ಮಂದಿರದ ಕತ್ತಲಲ್ಲಿ ಕೂತು ತೆರೆಯ ಮೇಲೆ ತನ್ನ ಹಳೆಯ ಮುಖವನ್ನು ನೋಡುತ್ತಿರುವ ಕಾರ್ಲೋನನ್ನು ಬ್ಯಾಟ್‌ಮ್ಯಾನ್ ಹುಡುಕಿಕೊಂಡು ಹೋಗುತ್ತಾನೆ. ಹೊಡೆಯಲಿಕ್ಕಲ್ಲ, ಕರೆಯಲಿಕ್ಕೆ. ನನ್ನ ಮಟ್ಟಿಗೆ ಬ್ಯಾಟ್‌ಮ್ಯಾನ್ ಕತೆಗಳಲ್ಲೇ ಅತ್ಯಂತ ಧೈರ್ಯದ ದೃಶ್ಯಗಳಲ್ಲಿ ಇದೊಂದು.

ತಂಡದಲ್ಲಿ ಅವನಿಗೆ ಸಿಕ್ಕ ಕೆಲಸ ಏನು ಗೊತ್ತೇ? ಉಳಿದವರ ತಾಲೀಮಿಗಾಗಿ ಕಟ್ಟಿದ ಒಂದು ಕೋಣೆಯಲ್ಲಿ ವೈರಿಗಳ ವೇಷ ಹಾಕುವುದು. ಹುಡುಗರು ಬಂದು ಗುದ್ದುತ್ತಾರೆ, ಇವನು ಗುದ್ದಿಸಿಕೊಳ್ಳುತ್ತಾನೆ. ಖಳತನ ಬಿಡಲು ಬಂದವನಿಗೆ ಕೊಟ್ಟ ಮೊದಲ ನೌಕರಿ ಖಳರ ಪಾತ್ರ! ಇದನ್ನು ಬರೆದವರು ವ್ಯಂಗ್ಯವೆಂದು ಬರೆದರೋ, ಸಲೀಸಾಗಿ ಹೊಳೆಯಿತೆಂದು ಬರೆದರೋ. ಹೇಗಿದ್ದರೂ ಕಾರ್ಲೋ ಅದನ್ನು ಖುಷಿಯಿಂದಲೇ ಮಾಡುತ್ತಾನೆ. ನಟನಿಗೆ ಪಾತ್ರ ಸಿಕ್ಕಿತಲ್ಲ! ನಮ್ಮ ಯಕ್ಷಗಾನದಲ್ಲಿ ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷ ಎನ್ನುತ್ತಾರೆ. ರಾತ್ರಿಯೆಲ್ಲ ಅಬ್ಬರಿಸಿದ ಬಣ್ಣದ ವೇಷಧಾರಿ ಬೆಳಗ್ಗೆ ಚೌಕಿಯಲ್ಲಿ ಕೂತು ಬಣ್ಣ ಒರೆಸಿಕೊಂಡಾಗ ಅವನನ್ನು ರಾಕ್ಷಸ ಎಂದು ಯಾರೂ ಕಟ್ಟಿಹಾಕುವುದಿಲ್ಲ. ಕಾರ್ಲೋಗೆ ಆ ಚೌಕಿ ಕೊನೆಗೂ ಸಿಗಲಿಲ್ಲ.

ಸಿಕ್ಕಿದ್ದು ಕಸಾಂಡ್ರಾ. ಇವಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಸಾಂಡ್ರಾಳನ್ನು ಅವಳ ಅಪ್ಪ ಮಾತೇ ಕಲಿಸದೆ ಬೆಳೆಸಿದ, ಕೊಲೆಗಾರ್ತಿಯನ್ನಾಗಿ ಮಾಡಲು. ಭಾಷೆಯ ಬದಲು ಅವಳು ಕಲಿತದ್ದು ಮೈಯನ್ನು ಓದುವುದು. ಎದುರಿಗಿದ್ದವರ ಭುಜ ಅಲುಗುವ ಮೊದಲೇ ಅವರ ಉದ್ದೇಶ ಅವಳಿಗೆ ತಿಳಿಯುತ್ತದೆ. ಇಂಥವಳು ಸ್ನೇಹ ಮಾಡಿದ್ದು ಯಾರ ಜೊತೆ? ಸ್ಥಿರವಾದ ಮೈಯೇ ಇಲ್ಲದವನ ಜೊತೆ. ಅವನು ಅವಳಿಗೆ ಷೇಕ್ಸ್‌ಪಿಯರನ ಸಾಲುಗಳನ್ನು ಹೇಳಿಕೊಡುತ್ತಾನೆ, ಮಾತು ಕಲಿಸುತ್ತಾನೆ. ಸುಳ್ಳಾಡುವ ಮೈಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯಬಲ್ಲ ಹುಡುಗಿ ಅವನನ್ನು ನಂಬುತ್ತಾಳೆ. ಕಾರ್ಲೋನ ಬದಲಾವಣೆ ನಿಜವೇ ನಾಟಕವೇ ಎಂದು ಕೇಳುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕತೆಗಾರರೇ ಸಾಕ್ಷಿಯನ್ನು ಕಟಕಟೆಗೆ ಕರೆತಂದರು, ಅವಳ ಮಾತನ್ನು ಕೇಳಿಸಿದರು, ಆಮೇಲೆ ತೀರ್ಪನ್ನು ಮಾತ್ರ ಅವಳ ಸಾಕ್ಷ್ಯಕ್ಕೆ ವಿರುದ್ಧವಾಗಿ ಬರೆದರು.

ಇಷ್ಟಾದರೂ ಕೆಲವರು ಒಪ್ಪುವುದಿಲ್ಲ. ಅವರ ಮೊದಲ ವಾದ, ಹುಟ್ಟುಗುಣ ಸುಟ್ಟರೂ ಹೋಗದು. ರೂಪ ಬದಲಿಸುವವನ ಮೇಲೆ ಈ ಗಾದೆಯನ್ನು ಹೊರಿಸುವಾಗ ಒಂದು ತಮಾಷೆ ನಡೆಯುತ್ತದೆ. ಅವನಿಗೆ ಹುಟ್ಟುಗುಣವೇ ಇಲ್ಲ, ಎಲ್ಲವೂ ವೇಷ ಎಂದು ಒಂದು ಉಸಿರಿಗೆ ದೂರುತ್ತಾರೆ. ಅವನ ಹುಟ್ಟುಗುಣ ಹೋಗಲಿಲ್ಲ ಎಂದು ಮರು ಉಸಿರಿಗೆ ದೂರುತ್ತಾರೆ. ಎರಡರಲ್ಲಿ ಒಂದನ್ನಾದರೂ ಆರಿಸಿಕೊಳ್ಳಬೇಡವೇ? ಅವನು ಸಭ್ಯನಾಗಿ ನಡೆದರೆ ನಟನೆ, ಎಡವಿದರೆ ಅಸಲಿ ಮುಖ. ಹೀಗೆ ಅಳೆದರೆ ಯಾವ ಮನುಷ್ಯನೂ ಒಳ್ಳೆಯವನೆಂದು ಸಾಬೀತಾಗುವುದಿಲ್ಲ.

ವಾಲ್ಮೀಕಿಯ ಮಾರೀಚ ಇಲ್ಲಿ ನೆನಪಾಗುತ್ತಾನೆ. ಅವನೂ ಕಾಮರೂಪಿ. ರಾಮನ ಬಾಣದ ಭಯ ತಿಂದಮೇಲೆ ಜಟೆ ಬೆಳೆಸಿ, ನಾರುಡೆ ಉಟ್ಟು, ಮಿತವಾಗಿ ಉಂಡು ಆಶ್ರಮದಲ್ಲಿದ್ದ. ರಾವಣ ಬಂದು ಚಿನ್ನದ ಜಿಂಕೆಯಾಗು ಎಂದಾಗ ಬೇಡವೆಂದು ಎಷ್ಟೋ ಬುದ್ಧಿ ಹೇಳಿದ. ಕೇಳದಿದ್ದರೆ ನಿನ್ನನ್ನು ಇಲ್ಲೇ ಕೊಲ್ಲುತ್ತೇನೆ ಎಂದ ರಾವಣ. ಹೇಗೂ ಸಾಯುವುದೇ ಆದರೆ ರಾಮನ ಕೈಯಲ್ಲಿ ಸಾಯುತ್ತೇನೆಂದು ಮಾರೀಚ ಎದ್ದ. ನಾವೆಲ್ಲ ನೆನಪಿಟ್ಟುಕೊಂಡಿರುವುದು ಜಿಂಕೆಯನ್ನು. ಆಶ್ರಮದಲ್ಲಿದ್ದ ಮಾರೀಚನನ್ನು ಮರೆತಿದ್ದೇವೆ. ಅವನು ಹಳೆಯ ಮಾಯೆಗೆ ಮರಳಲಿಲ್ಲ, ಅವನನ್ನು ಮರಳಿಸಲಾಯಿತು. ಕಾರ್ಲೋ ವಿಷಯದಲ್ಲೂ ಆದದ್ದು ಅದೇ. ಅವನ ಹುಚ್ಚು ತಾನಾಗಿ ಮರಳಿ ಬರಲಿಲ್ಲ, ಬೇರೆಯವರು ತಂದರು. ಮರಳಿಸಿದವರ ಪಾಪಕ್ಕೆ ಮರಳಿದವನನ್ನು ಕೊಲ್ಲುವುದನ್ನು ನ್ಯಾಯವೆಂದು ನನ್ನ ಕೈಯಲ್ಲಿ ಹೇಳಿಸಲಾರಿರಿ.

ಇದು ಒಂದೇ ಕಂಪನಿಯ ಚಾಳಿಯೂ ಅಲ್ಲ. ಎದುರು ಪಾಳೆಯವಾದ ಮಾರ್ವೆಲ್‌ನಲ್ಲಿ ಸ್ಯಾಂಡ್‌ಮ್ಯಾನ್ ಎಂಬವನಿದ್ದಾನೆ. 1963ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಸೃಷ್ಟಿಸಿದ ಫ್ಲಿಂಟ್ ಮಾರ್ಕೋ. ಇವನ ಮೈ ಮರಳು, ಅದೂ ಬೇಕಾದ ರೂಪ ತಾಳುತ್ತದೆ. ಎಂಬತ್ತರ ದಶಕದಲ್ಲಿ ಅವನು ಕಳ್ಳತನ ಬಿಟ್ಟ. ಹಳೆಯ ವೈರಿ ಥಿಂಗ್ ಜೊತೆ ಕೂತು ಮಾತಾಡಿ, ಮೆಲ್ಲಗೆ ದಾರಿಗೆ ಬಂದ. 1991ರ ಹೊತ್ತಿಗೆ ಅವೆಂಜರ್ಸ್ ತಂಡದ ಮೀಸಲು ಸದಸ್ಯನಾದ. ವರ್ಷಗಟ್ಟಲೆ ಬೆಳೆಸಿದ ಬದಲಾವಣೆ ಅದು. 1999ರಲ್ಲಿ ಏನು ಮಾಡಿದರು? ವಿಜರ್ಡ್ ಎಂಬ ಖಳ ಒಂದು ಯಂತ್ರಕ್ಕೆ ಅವನ ತಲೆ ಒಡ್ಡಿ ಹಳೆಯ ಕೇಡಿಯನ್ನಾಗಿ ಮಾಡಿಬಿಟ್ಟ. ಸ್ಪೈಡರ್‌ಮ್ಯಾನ್‌ಗೆ ಹೊಡೆಯಲು ಒಬ್ಬ ಖಳ ಬೇಕಿತ್ತು, ಅಷ್ಟೇ. ಒಬ್ಬನಿಗೆ ಯಂತ್ರ, ಇನ್ನೊಬ್ಬನಿಗೆ ಗುಂಡು. ಮರಳಾಗಲಿ ಮಣ್ಣಾಗಲಿ, ಗಟ್ಟಿಯಾಗಿ ಒಂದು ರೂಪದಲ್ಲಿ ನಿಲ್ಲಲು ಬಿಡುವುದಿಲ್ಲ.

ವ್ಯಾಪಾರದ ಲೆಕ್ಕ ನನಗೆ ಅರ್ಥವಾಗುತ್ತದೆ. ತಿಂಗಳು ತಿಂಗಳೂ ನಡೆಯಬೇಕಾದ ಕತೆಗೆ ಖಳರು ಸವೆಯದ ಬಂಡವಾಳ. ಆದರೆ ಆ ಲೆಕ್ಕಕ್ಕೆ ನೀತಿಯ ವೇಷ ಹಾಕುವುದೇಕೆ? 1988ರಲ್ಲಿ ಜೋಕರ್ ಎರಡನೇ ರಾಬಿನ್ ಆದ ಜೇಸನ್ ಟಾಡ್‌ನನ್ನು ಕೊಂದ. ಹುಡುಗ ಬದುಕಬೇಕೋ ಸಾಯಬೇಕೋ ಎಂದು ಡಿಸಿ ಕಂಪನಿ ಓದುಗರಿಂದ ಫೋನ್ ಮೂಲಕ ಮತ ಕೇಳಿತ್ತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳಿಂದ ಒಂದು ಮಗು ಸತ್ತಿತು. ಅದೇ ವರ್ಷ ಜೋಕರ್ ಬಾರ್ಬರಾ ಗಾರ್ಡನ್‌ಗೆ ಗುಂಡು ಹೊಡೆದು ನಡೆಯದಂತೆ ಮಾಡಿದ. ಅವನು ಇವತ್ತಿಗೂ ಹಾಯಾಗಿದ್ದಾನೆ. ಬ್ಯಾಟ್‌ಮ್ಯಾನ್ ಕೊಲ್ಲುವುದಿಲ್ಲವಲ್ಲ! ಪಶ್ಚಾತ್ತಾಪದ ಸುಳಿವೂ ಇಲ್ಲದ ಜೋಕರನನ್ನು ಕಾಪಾಡುವ ನಿಯಮ, ಪಶ್ಚಾತ್ತಾಪ ಪಟ್ಟು ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಕಾರ್ಲೋನನ್ನು ಕಾಪಾಡಲಿಲ್ಲ. ಬ್ಯಾಟ್‌ಮ್ಯಾನ್ ಆ ಗುಂಡನ್ನು ಒಪ್ಪಲಿಲ್ಲ, ತಂಡವೇ ಒಡೆಯಿತು, ಇದನ್ನು ಹೇಳದಿದ್ದರೆ ಅನ್ಯಾಯ. ಆದರೂ ಕತೆ ಯಾರ ಮೈಮೇಲೆ ತನ್ನ ನೀತಿಪ್ರಶ್ನೆಯನ್ನು ಪ್ರಯೋಗಿಸಿತು ಎಂಬುದನ್ನು ನೋಡಿ.

ಇನ್ನೊಂದು ವಾದವಿದೆ, ಅದನ್ನು ಹೀಗೆ ತಳ್ಳಿಹಾಕಲಾಗದು. ಕೊಂದವನು ಬದಲಾದ ಎಂದು ಕೊಂಡಾಡುವಾಗ, ಅವನಿಂದ ಹಾಳಾದವರ ಗತಿಯೇನು? ಟೈನಿಯನ್‌ರ ಕತೆಯಲ್ಲಿ ಈ ಪ್ರಶ್ನೆಗೆ ಒಂದು ಹೆಸರಿದೆ, ಗ್ಲೋರಿ ಗ್ರಿಫಿನ್. ಸಿನಿಮಾ ಲೋಕದಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ, ಕಾರ್ಲೋನ ಕೃತ್ಯದಿಂದ ತಾನೂ ಮಣ್ಣಾದವಳು. ಅವನಂತೆ ಚಂದದ ಮುಖ ತಾಳುವ ಭಾಗ್ಯವೂ ಅವಳಿಗಿಲ್ಲ. ಗಾಥಮ್‌ನ ಖಳರಿಂದ ನೊಂದವರೆಲ್ಲ ಸೇರಿ ಕಟ್ಟಿದ ಗುಂಪಿನಲ್ಲಿ ಅವಳಿದ್ದಾಳೆ. ಬ್ಯಾಟ್‌ಮ್ಯಾನ್ ತನ್ನ ಕೆಲಸ ನಿಲ್ಲಿಸಬೇಕೆಂಬುದು ಆ ಗುಂಪಿನ ಬೇಡಿಕೆ. ಅವಳು ಮತ್ತು ಕಾರ್ಲೋ ಎದುರುಬದುರು ಕೂತು ಮಾತಾಡುವ ನೂರು ಪುಟ ಬರೆಯಬಹುದಿತ್ತು. ಅವನು ಕ್ಷಮೆ ಕೇಳುವುದು, ಅವಳು ಕೊಡದಿರುವುದು, ಕೊಡದಿದ್ದರೂ ಅವನು ಮಾರನೇ ದಿನ ಎದ್ದು ಮತ್ತೆ ಒಳ್ಳೆಯವನಾಗಲು ಯತ್ನಿಸುವುದು. ಪರಿವರ್ತನೆಯ ಕಷ್ಟವೆಲ್ಲ ಇರುವುದು ಅಲ್ಲಿ. ಕತೆ ಏನು ಮಾಡಿತೆಂದರೆ, ನೊಂದವರ ಆ ಗುಂಪಿಗೇ ಖಳವೇಷ ಹಾಕಿತು. ಅವರ ದೂರಿಗೆ ಉತ್ತರ ಕೊಡುವ ಕಷ್ಟ ತಪ್ಪಿತು, ಏಕೆಂದರೆ ಖಳರಿಗೆ ಉತ್ತರ ಕೊಡಬೇಕಿಲ್ಲ, ಹೊಡೆದರೆ ಸಾಕು. ಕಾರ್ಲೋಗಾದ ಅನ್ಯಾಯಕ್ಕಿಂತ ಗ್ಲೋರಿಗಾದದ್ದು ದೊಡ್ಡದು. ಅವನಿಗೆ ಕೊನೆಗೊಂದು ಸಾವಾದರೂ ಕೊಟ್ಟರು, ಅವಳ ಪ್ರಶ್ನೆಯನ್ನು ಎತ್ತಿ, ಎತ್ತಿದ ಕಡೆಯೇ ಬೀಳಿಸಿದರು.

ಪರಿಹಾರ ಗೊತ್ತಿಲ್ಲದೆ ಹೀಗಾಯಿತು ಎನ್ನುವಂತಿಲ್ಲ. 1998ರಲ್ಲಿ ಮಕ್ಕಳ ಟಿವಿ ಸರಣಿಯ 'ಗ್ರೋಯಿಂಗ್ ಪೇನ್ಸ್' ಎಂಬ ಇಪ್ಪತ್ತು ನಿಮಿಷದ ಕಂತು ಈ ವಿಷಯವನ್ನು ಎದುರಿಸಿತ್ತು. ಕ್ಲೇಫೇಸ್ ತನ್ನ ಮೈಯ ಒಂದು ತುಣುಕನ್ನು ಹುಡುಗಿಯ ರೂಪದಲ್ಲಿ ಹೊರಗೆ ಕಳಿಸುತ್ತಾನೆ. ಆ ತುಣುಕಿಗೆ ತನ್ನದೇ ಮನಸ್ಸು ಮೂಡುತ್ತದೆ, ಹೆಸರು ಆ್ಯನಿ. ಎಳೆಯ ರಾಬಿನ್ ಅವಳ ಸ್ನೇಹಿತನಾಗುತ್ತಾನೆ. ಅವನನ್ನು ಉಳಿಸಲು ಅವಳು ಕ್ಲೇಫೇಸ್‌ಗೆ ಅಡ್ಡ ಬಂದಾಗ ಅವನು ಅವಳನ್ನು ತನ್ನೊಳಗೆ ಎಳೆದುಕೊಂಡು ಅಳಿಸಿಬಿಡುತ್ತಾನೆ. ಕೊನೆಗೆ ಆರೋಪಗಳನ್ನು ಪಟ್ಟಿ ಮಾಡುವಾಗ ಕಳ್ಳತನದ ಜೊತೆ ಕೊಲೆಯನ್ನೂ ಸೇರಿಸಿ ಎನ್ನುತ್ತಾನೆ ರಾಬಿನ್. ಮಣ್ಣಿನಿಂದ ಮೂಡಿದ್ದು ನಟನೆಯಲ್ಲ, ಒಂದು ಜೀವ ಎಂದು ಆ ಹುಡುಗನಿಗೆ ಗೊತ್ತಾಗಿತ್ತು. ಮಕ್ಕಳಿಗೆ ಅರ್ಥವಾಗುವಂತೆ ಹೇಳಿದ್ದನ್ನು ಇಪ್ಪತ್ತು ವರ್ಷದ ನಂತರ ದೊಡ್ಡವರಿಗೆ ಹೇಳುವಾಗ ಕೈ ನಡುಗಿತು.

ಇದೆಲ್ಲ ಚಿತ್ರಕತೆ, ಇಷ್ಟು ಬಿಸಿಯಾಗುವುದೇಕೆ ಎನ್ನಬಹುದು. ಈ ಕತೆಗಳು ಹುಟ್ಟಿದ ದೇಶದಲ್ಲಿ, ಆ ಟಿವಿ ಸರಣಿ ಪ್ರಸಾರವಾಗುತ್ತಿದ್ದ ಕಾಲದಲ್ಲೇ, 1994ರಲ್ಲಿ, ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ಮೂರನೇ ಸಲ ಸಿಕ್ಕಿಬಿದ್ದರೆ ಕನಿಷ್ಠ 25 ವರ್ಷದಿಂದ ಜೀವಾವಧಿಯವರೆಗೆ ಜೈಲು. ಬೇಸ್‌ಬಾಲ್ ಆಟದಿಂದ ಎತ್ತಿಕೊಂಡ ನಿಯಮ: ಮೂರು ಸಲ ತಪ್ಪಿದರೆ ನೀನು ಔಟ್. ಮೂರನೆಯ ತಪ್ಪು ಸಣ್ಣ ಕಳ್ಳತನವಾದರೂ ಸರಿಯೇ. 2012ರಲ್ಲಿ ಮತದಾರರೇ ಅದನ್ನು ಸಡಿಲಿಸುವವರೆಗೆ ಹಾಗೇ ನಡೆಯಿತು. ಬದಲಾಗುವವರು ಒಮ್ಮೆಯೂ ಎಡವಕೂಡದು, ಎಡವಿದರೆ ಅದುವರೆಗೆ ನಡೆದದ್ದೆಲ್ಲ ಸುಳ್ಳು ಎಂಬ ನಂಬಿಕೆ ಕಾನೂನಾಗುವ ಮೊದಲು ಕತೆಯಾಗಿರುತ್ತದೆ. ಕುಡಿತ ಬಿಟ್ಟವರನ್ನು ಕಂಡವರಿಗೆ ಗೊತ್ತು, ಬಿಡುವುದೆಂದರೆ ಹಲವು ಸಲ ಬಿಡುವುದು. ಬಿಟ್ಟವನು ಮತ್ತೆ ಕುಡಿದು ಬಂದ ರಾತ್ರಿ ಮನೆಯವರು ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬುದು ಬದುಕಿನ ಪ್ರಶ್ನೆ. 973ನೇ ಸಂಚಿಕೆ ಆ ರಾತ್ರಿಯ ಕತೆ. ಅದು ಬಾಗಿಲು ತೆರೆಯಲಿಲ್ಲ, ತೆರೆಯದಿದ್ದುದಕ್ಕೆ ಕಣ್ಣೀರು ಹಾಕಿ ಎಂದು ನಮ್ಮನ್ನೇ ಕೇಳಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎಂಟು ಸಂಚಿಕೆಗಳ ನಂತರ, 981ರಲ್ಲಿ, ಕಾರ್ಲೋ ಸತ್ತಿರಲಿಲ್ಲ ಎಂದು ಗೊತ್ತಾಗುತ್ತದೆ. ವಿಕ್ಟೋರಿಯಾ ಅಕ್ಟೋಬರ್ ಎಂಬ ವೈದ್ಯೆ ಅವನನ್ನು ಉಳಿಸಿಕೊಂಡಿದ್ದಾಳೆ. ಅವನು ಗಾಥಮ್ ಬಿಟ್ಟು ಹೊರಡುತ್ತಾನೆ. ಟೈನಿಯನ್ ತನ್ನ ಕೊನೆಯ ಸಂಚಿಕೆಯಲ್ಲಿ ಮೆಲ್ಲಗೆ ಬಾಗಿಲ ಅಗುಳಿ ತೆಗೆದಿಟ್ಟು ಹೋದರು. ಅಷ್ಟು ಮಟ್ಟಿಗೆ ಅವರಿಗೆ ಶರಣು. ಆಮೇಲೆ ಬಂದವರು ಅದನ್ನು ಮತ್ತೆ ಹಾಕಿದರು. 2023ರ ಒಂದು ವಿಶೇಷ ಸಂಚಿಕೆಯಲ್ಲಿ ಕಾರ್ಲೋ ಲಾಸ್ ಏಂಜಲೀಸ್‌ಗೆ ಹೋಗಿ ನಟನಾಗಲು ಹೊರಟು ಮತ್ತೆ ಕೊಲೆಗಾರನಾಗಿದ್ದಾನೆ. ಕಸಾಂಡ್ರಾಳಿಗೆ ಷೇಕ್ಸ್‌ಪಿಯರ್ ಹೇಳಿಕೊಟ್ಟವನ ಗುರುತು ಅದರಲ್ಲಿ ಎಲ್ಲೂ ನನಗೆ ಕಾಣಲಿಲ್ಲ. ಕ್ಲೇಫೇಸ್ ಹೆಸರಿನಲ್ಲೇ ಒಂದು ದೊಡ್ಡ ಸಿನಿಮಾವನ್ನೂ ತೆಗೆದರು, ಭಯಾನಕ ಚಿತ್ರವಂತೆ. 1940ರಲ್ಲಿ ತನ್ನ ಪಾತ್ರವನ್ನು ಬೇರೊಬ್ಬ ನಟನಿಗೆ ಕೊಟ್ಟರೆಂದು ಹುಚ್ಚನಾದವನ ಆ ವೇಷದ ಹೆಸರಿಗೆ ಹೊಸಬನೊಬ್ಬ ಬಣ್ಣ ಹಚ್ಚಿದ.